ಉದ್ದ ಮೂಗು, ದೊಡ್ಡ ಗಡ್ಡ: ಕ್ಯಾರಿಕೇಚರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸರ್, ಹಳೇ ಪೇಪರ್‌ಗಳಲ್ಲಿ ಆಟಗಾರರನ್ನ, ಸಂಗೀತಗಾರರನ್ನ ಮೂಗು ಉದ್ದ ಮಾಡಿ, ತಲೆ ದಪ್ಪ ಮಾಡಿ ಬರೀತಿದ್ರಲ್ಲ, ಆ ಕ್ಯಾರಿಕೇಚರ್ ಚಿತ್ರಗಳನ್ನ ಈಗ ಮ್ಯೂಸಿಯಂನಲ್ಲಿ ಇಡ್ತಾರೆ, ಅದರ ಮೇಲೆ ಪಿಎಚ್‌ಡಿ ಬೇರೆ ಮಾಡ್ತಾರೆ. ಬೇಕಂತಲೇ ತಿರುಚಿ ಬರೆದ ಮುಖ ಇತಿಹಾಸಕ್ಕೆ ಹೇಗೆ ಸಾಕ್ಷಿ ಆಗತ್ತೆ?

ಉತ್ತರ: ಮುಖ ಹೇಗಿತ್ತು ಅನ್ನೋದಕ್ಕೆ ಸಾಕ್ಷಿ ಆಗಲ್ಲ, ಅಲ್ಲಿ ನಿಮ್ಮ ಮಾತು ಸರಿ. ಆದ್ರೆ ಆ ಮುಖವನ್ನ ಜನ ಹೇಗೆ ನೋಡ್ತಿದ್ರು ಅಂತ ತಿಳ್ಕೊಳೋಕೆ ಇದಕ್ಕಿಂತ ಒಳ್ಳೇ ದಾಖಲೆ ಸಿಗೋದು ಕಷ್ಟ. ಪೇಪರ್‌ಗೆ ಬರೆಯೋ ಕಲಾವಿದನಿಗೆ ಯಾರಿವರು ಏನು ಅಂತ ವಿವರಿಸ್ತಾ ಕೂರೋಕೆ ಜಾಗ ಇರಲ್ಲ, ಓದುಗ ಪುಟ ತಿರುಗಿಸೋದ್ರೊಳಗೆ ಗುರುತು ಸಿಕ್ಕಿಬಿಡಬೇಕು, ಹಾಗಾಗಿ ಎಲ್ಲರಿಗೂ ಆಗಲೇ ಗೊತ್ತಿರೋ ಒಂದು ಗಡ್ಡನೋ ಒಂದು ಟೋಪಿನೋ ನಿಲ್ಲೋ ಭಂಗಿನೋ ಹಿಡ್ಕೊಂಡು ಅದನ್ನೇ ದೊಡ್ಡದು ಮಾಡ್ತಾನೆ. ಅಂದ್ರೆ ಚಿತ್ರದಲ್ಲಿ ವಿವರಣೆ ಇಲ್ಲದೇ ಬಂದಿರೋದೆಲ್ಲ ಆ ಕಾಲದ ಓದುಗರ ತಲೇಲಿ ಮೊದಲೇ ಇದ್ದದ್ದು. ಅದನ್ನ ಬೇರೆ ಯಾರೂ ಬರೆದಿಡಲ್ಲ, ಗೊತ್ತಿರೋ ವಿಷಯ ಅಂತ ಬಿಟ್ಟುಬಿಡ್ತಾರೆ.

ಲಂಡನ್ನಿನ ವ್ಯಾನಿಟಿ ಫೇರ್ ವಾರಪತ್ರಿಕೆ ತಗೊಳ್ಳಿ, 1868ರಿಂದ 1914ರವರೆಗೆ ನಡೀತು, ಪ್ರತಿ ವಾರ ಒಂದು ಪೂರ್ತಿ ಪುಟದ ಬಣ್ಣದ ಕ್ಯಾರಿಕೇಚರ್ ಕೊಡೋರು. 1877ರಲ್ಲಿ ಇಂಗ್ಲೆಂಡಿನ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಚಿತ್ರ ಬಂತು, ಆ ಗಡ್ಡದ ಸಮೇತ, ಕೆಳಗೆ ಶೀರ್ಷಿಕೆ ಏನು ಗೊತ್ತಾ, ಬರೀ "ಕ್ರಿಕೆಟ್" ಅಂತ! ಒಬ್ಬ ಮನುಷ್ಯನ ಚಿತ್ರಕ್ಕೆ ಇಡೀ ಆಟದ ಹೆಸರು. ಗ್ರೇಸ್ ಆಗ ಎಷ್ಟು ದೊಡ್ಡವನಾಗಿದ್ದ ಅಂತ ಸ್ಕೋರ್‌ಬುಕ್ ನೋಡಿದ್ರೆ ರನ್ ಲೆಕ್ಕ ಸಿಗತ್ತೆ, ಈ ಒಂದು ಪದ ನೋಡಿದ್ರೆ ಜನರ ಲೆಕ್ಕ ಸಿಗತ್ತೆ. ಇಪ್ಪತ್ತು ವರ್ಷ ಆದ್ಮೇಲೆ 1897ರಲ್ಲಿ ಅದೇ ಪತ್ರಿಕೇಲಿ ನಮ್ಮ ಭಾರತದ ರಣಜಿತ್‌ಸಿನ್ಹಜಿ ಬಂದ್ರು, ಹಿಂದಿನ ವರ್ಷವಷ್ಟೇ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೇ 154 ಹೊಡೆದಿದ್ರು, ಶೀರ್ಷಿಕೆ "ರಂಜಿ". ಆಳಿಸಿಕೊಳ್ಳೋ ದೇಶದಿಂದ ಬಂದ ಒಬ್ಬ ಆಟಗಾರನ್ನ ಆಳೋ ದೇಶದ ಓದುಗರು ಮುದ್ದು ಹೆಸರಲ್ಲಿ ಗುರುತು ಹಿಡೀತಿದ್ರು, ಇದರಲ್ಲಿ ಪ್ರೀತಿ ಎಷ್ಟು, ಹತ್ತಿರ ಕರೆದು ಚಿಕ್ಕದು ಮಾಡೋ ಧೋರಣೆ ಎಷ್ಟು ಅಂತ ಕೂತು ಯೋಚಿಸಬೇಕಾದ ವಿಷಯ, ನನಗೆ ಎರಡೂ ಕಾಣ್ತವೆ.

ಇನ್ನೊಂದು, ಯಾರನ್ನ ಬರೀಲಿಲ್ಲ ಅನ್ನೋದೂ ಇತಿಹಾಸವೇ. ಆ ಪತ್ರಿಕೇಲಿ ಬಂದ ಕ್ರಿಕೆಟಿಗರಲ್ಲಿ ಹೆಚ್ಚಿನವರು ಸಂಬಳ ತಗೊಳ್ಳದೇ ಆಡೋ "ಜಂಟಲ್‌ಮನ್" ವರ್ಗದವರು, ಹೊಟ್ಟೆಪಾಡಿಗೆ ಆಡೋ ಪ್ರೊಫೆಷನಲ್‌ಗಳು ಬಂದಿದ್ದು ಕಮ್ಮಿ, ಅದೂ ತಡವಾಗಿ. ಜಾಕ್ ಹಾಬ್ಸ್ ಅಂಥ ದೊಡ್ಡ ಪ್ರೊಫೆಷನಲ್ ಬ್ಯಾಟ್ಸ್‌ಮನ್‌ನ ಸರದಿ ಬಂದಿದ್ದು 1912ರಲ್ಲಿ, ಪತ್ರಿಕೆ ನಿಲ್ಲೋಕೆ ಎರಡೇ ವರ್ಷ ಇದ್ದಾಗ.

ಪ್ರಶ್ನೆ: ಸಂಗೀತ ಅಂದ್ರೆ ಕೇಳೋ ವಿಷಯ. ಚಿತ್ರದಿಂದ ಅದರ ಬಗ್ಗೆ ಏನು ತಿಳಿಯತ್ತೆ?

ಉತ್ತರ: ತುಂಬಾನೇ ತಿಳಿಯತ್ತೆ, ಅದರಲ್ಲೂ ರೆಕಾರ್ಡಿಂಗ್ ಇಲ್ಲದ ಕಾಲದ್ದು. ಹಾಡು ಗಾಳೀಲಿ ಹೋಯ್ತು, ಕೇಳಿದವರೂ ಹೋದ್ರು, ಉಳಿದಿದ್ದು ಕೇಳಿದವರ ಮುಖದ ಮೇಲೆ ಏನಾಯ್ತು ಅನ್ನೋ ನೆನಪು, ಅದನ್ನ ಹಿಡಿದಿಟ್ಟವರು ಈ ಕಲಾವಿದರು.

1869ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಲೆಕ್ಲಿಪ್ಸ್ ಪತ್ರಿಕೇಲಿ ಆಂದ್ರೆ ಗಿಲ್ ಬರೆದ, ಜರ್ಮನಿಯ ಸಂಗೀತ ಸಂಯೋಜಕ ವಾಗ್ನರ್‌ನ ಚಿತ್ರ ನೋಡಿ. ದೊಡ್ಡ ಕಿವಿ, ಅದರೊಳಗೆ ಪುಟ್ಟ ಮೈಗೆ ದೊಡ್ಡ ತಲೆ ಇರೋ ವಾಗ್ನರ್, ಕೈಯಲ್ಲಿ ಸುತ್ತಿಗೆ, ಸಂಗೀತದ ಸ್ವರಚಿಹ್ನೆಯನ್ನೇ ಉಳಿ ಥರ ಹಿಡಿದು ಕಿವಿಯೊಳಗೆ ಹೊಡೀತಾ ಇದಾನೆ, ರಕ್ತ ತೊಟ್ಟಿಕ್ತಿದೆ. ಆ ತಿಂಗಳಷ್ಟೇ ಅವನ ರಿಯೆಂಜಿ ಅನ್ನೋ ಆಪೆರಾ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ, ಪ್ಯಾರಿಸ್‌ನಲ್ಲಿ ಶುರುವಾಗಿತ್ತು, ಅದಕ್ಕೂ ಮುಂಚೆ 1861ರಲ್ಲಿ ಇದೇ ಊರಲ್ಲಿ ಅವನದೇ ಟಾನ್‌ಹಾಯ್ಸರ್ ಆಪೆರಾಗೆ ಜನ ಸೀಟಿ ಹೊಡೆದು ಗಲಾಟೆ ಮಾಡಿ ಮೂರೇ ಪ್ರದರ್ಶನಕ್ಕೆ ನಿಲ್ಲಿಸಿದ್ರು. ಇವತ್ತು ವಾಗ್ನರ್ ಕೇಳಿದ್ರೆ ನಮ್ಮ ಕಿವಿಗೆ ನೋವಾಗಲ್ಲ, ಅಭ್ಯಾಸ ಆಗಿಹೋಗಿದೆ. ಆವತ್ತಿನ ಕಿವಿಗೆ ಅದು ಹೇಗೆ ಬಡಿದಿತ್ತು ಅಂತ ತಿಳೀಬೇಕಾದ್ರೆ ಈ ಚಿತ್ರದ ಹತ್ರಾನೇ ಹೋಗಬೇಕು.

ಫ್ರಾನ್ಸಿನ ಸಂಯೋಜಕ ಬರ್ಲಿಯೋಜ್‌ದೂ ಇದೇ ಕಥೆ. 1844ರಲ್ಲಿ ಪ್ಯಾರಿಸ್‌ನಲ್ಲಿ ಸುಮಾರು ಸಾವಿರ ಜನ ವಾದಕರು, ಗಾಯಕರನ್ನ ಸೇರಿಸಿ ಕಛೇರಿ ಮಾಡಿದ್ದ, ವ್ಯಂಗ್ಯಚಿತ್ರದವರು ಅವನ ಆರ್ಕೆಸ್ಟ್ರಾದೊಳಗೆ ಫಿರಂಗಿಯನ್ನೇ ತಂದು ನಿಲ್ಲಿಸಿದ್ರು, ಕೇಳೋಕೆ ಬಂದವರು ಚೆಲ್ಲಾಪಿಲ್ಲಿ.

ಇನ್ನೂ ಹಿಂದೆ ಹೋದ್ರೆ ರೋಮ್‌ನ ಚಿತ್ರಕಾರ ಪಿಯೆರ್ ಲಿಯೋನೆ ಗೆಟ್ಸಿ 1723ರಲ್ಲಿ ಇಟಲಿಯ ಸಂಯೋಜಕ ವಿವಾಲ್ದಿಯನ್ನ ಪೆನ್ನಲ್ಲಿ ಗೀಚಿದ್ದಾನೆ, ಪಕ್ಕದಿಂದ ಕಾಣೋ ಮುಖ, ಎದ್ದು ಕಾಣೋ ಮೂಗು, ಕೆಳಗೆ ಕಪ್ರಾನಿಕಾ ಥಿಯೇಟರ್‌ಗೆ ಆಪೆರಾ ಮಾಡಿದ ಕೆಂಪು ಪಾದ್ರಿ ಅಂತ ಕೈಬರಹ, ಕೆಂಪು ಕೂದಲಿನ ಪಾದ್ರಿಯಾಗಿದ್ದ ವಿವಾಲ್ದಿಯ ಅಡ್ಡಹೆಸರು ಅದು. ಇದು ಪೇಪರ್‌ಗೆ ಬರೆದದ್ದಲ್ಲ ನಿಜ. ಆದ್ರೆ ಎದುರಿಗೇ ನೋಡಿ ಬರೆದದ್ದು ಅಂತ ನಂಬೋಕಾಗೋ ವಿವಾಲ್ದಿ ಚಿತ್ರ ಹುಡುಕೋರು ಕೊನೆಗೆ ಬಂದು ನಿಲ್ಲೋದು ಈ ಕ್ಯಾರಿಕೇಚರ್ ಮುಂದೇನೆ, ಗಂಭೀರವಾದ ತೈಲಚಿತ್ರಗಳ ಮುಂದೆ ಅಲ್ಲ.

ಹಾಡುವವರೇ ಬರೆದದ್ದೂ ಇದೆ! ಆಪೆರಾ ಗಾಯಕ ಎನ್ರಿಕೊ ಕರೂಸೊ ನ್ಯೂಯಾರ್ಕ್‌ನ ಲಾ ಫೋಲಿಯಾ ಅನ್ನೋ ಇಟಾಲಿಯನ್ ವಾರಪತ್ರಿಕೆಗೆ ವರ್ಷಗಟ್ಟಲೆ ಕ್ಯಾರಿಕೇಚರ್ ಬರೆದುಕೊಟ್ಟ, ತನ್ನದೇ ದುಂಡು ಮುಖಾನೂ ಬಿಡಲಿಲ್ಲ. ಸ್ಟೇಜ್ ಮೇಲೆ ನಿಂತವನ ಕಣ್ಣಿಂದ ಕಂಡ ಸಂಗೀತಲೋಕ ಅದು, ಅಪರೂಪದ್ದು.

ಪ್ರಶ್ನೆ: ಫೋಟೋ ಬಂದ್ಮೇಲೂ ಸ್ಪೋರ್ಟ್ಸ್ ಪುಟದಲ್ಲಿ ಕ್ಯಾರಿಕೇಚರ್ ಯಾಕೆ ಉಳೀತು?

ಉತ್ತರ: ಚುಕ್ಕಿಚುಕ್ಕಿಯಾಗಿ ಫೋಟೋ ಅಚ್ಚು ಹಾಕೋ ಹಾಫ್‌ಟೋನ್ ವಿಧಾನ 1880ರ ಹೊತ್ತಿಗೆ ನ್ಯೂಯಾರ್ಕ್‌ನ ಪೇಪರ್‌ನಲ್ಲಿ ಕಾಣಿಸಿಕೊಂಡ್ರೂ ಎಲ್ಲ ಕಡೆ ಹರಡೋಕೆ ಸಮಯ ಹಿಡೀತು, ಓಡೋ ಆಟಗಾರ ಫೋಟೋದಲ್ಲಿ ಮಸುಕಾಗೋನು ಬೇರೆ. ಇನ್ನೊಂದು ಕಾರಣ ನನಗೆ ಮುಖ್ಯ ಅನ್ಸತ್ತೆ: ಫೋಟೋ ಒಂದು ಕ್ಷಣ ಕೊಡತ್ತೆ, ಕಲಾವಿದ ಇಡೀ ಮ್ಯಾಚನ್ನ ಒಂದೇ ಚೌಕಟ್ಟಲ್ಲಿ ಕೊಡ್ತಾನೆ, ಮೂಲೇಲಿ ಕ್ಯಾಚ್ ಬಿಟ್ಟವನು, ಮಧ್ಯೆ ಗೆದ್ದವನು, ಕೆಳಗೆ ನಿದ್ದೆ ಹೊಡೀತಿರೋ ಪ್ರೇಕ್ಷಕ. ಅಂದಹಾಗೆ ಅಮೆರಿಕದ ರಿಪ್ಲಿ ವಿಚಿತ್ರ ಸಂಗತಿಗಳನ್ನ ಬರೀತಿದ್ದ "ನಂಬಿದರೆ ನಂಬಿ" ಅಂಕಣ ಶುರುವಾಗಿದ್ದೂ 1918ರಲ್ಲಿ ನ್ಯೂಯಾರ್ಕ್ ಗ್ಲೋಬ್ ಪೇಪರ್‌ನ ಸ್ಪೋರ್ಟ್ಸ್ ಕಾರ್ಟೂನ್ ಆಗಿ.

ಪ್ರಶ್ನೆ: ಕೆಲವು ಹಳೇ ಚಿತ್ರಗಳು ನೋಡೋಕೇ ಆಗಲ್ಲ, ಅಷ್ಟು ಜನಾಂಗೀಯ ದ್ವೇಷ. ಅವನ್ನೂ ಸಂಸ್ಕೃತಿ ಅಂತ ಕಾಪಾಡಬೇಕಾ?

ಉತ್ತರ: ಕಾಪಾಡಬೇಕು, ಆದ್ರೆ ಅಲಂಕಾರಕ್ಕೆ ಗೋಡೆಗೆ ಹಾಕೋಕಲ್ಲ. 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಜಾಕ್ ಜಾನ್ಸನ್ ಬಾಕ್ಸಿಂಗ್‌ನ ಮೊದಲ ಕಪ್ಪು ಹೆವಿವೇಟ್ ವಿಶ್ವ ಚಾಂಪಿಯನ್ ಆದ, 1910ರ ಜುಲೈ 4ಕ್ಕೆ ಅಮೆರಿಕದ ರೀನೋದಲ್ಲಿ ಬಿಳಿಯರ ಹಳೇ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನ ಸೋಲಿಸಿದ, ಅಮೆರಿಕದ ಎಷ್ಟೋ ಊರಲ್ಲಿ ಗಲಭೆ ಆಗಿ ಜನ ಸತ್ತರು. ಆ ದಿನಗಳ ಪೇಪರ್‌ಗಳ ಎಷ್ಟೋ ಕಾರ್ಟೂನ್‌ಗಳಲ್ಲಿ ಜಾನ್ಸನ್‌ನ ಮುಖವೇ ಇಲ್ಲ, ಕಪ್ಪು ಜನರನ್ನ ಆಡಿಕೊಳ್ಳೋಕೆ ಅಂತ ಮೊದಲೇ ತಯಾರಾಗಿದ್ದ ದಪ್ಪ ತುಟಿಯ ಒಂದು ಅಚ್ಚು ಇದೆ, ಅದನ್ನೇ ಅವನ ಮೇಲೆ ಒತ್ತಿದ್ದಾರೆ. ನಾನು ಗೆರೆ ಎಳೆಯೋದು ಇಲ್ಲೇ: ಒಳ್ಳೇ ಕ್ಯಾರಿಕೇಚರ್ ಒಬ್ಬನನ್ನ ಅವನ ಪಕ್ಕದವನಿಂದ ಬೇರೆ ಮಾಡಿ ತೋರಿಸತ್ತೆ, ಇಂಥದ್ದು ಒಬ್ಬನನ್ನ ಅಳಿಸಿ ಗುಂಪಿನೊಳಗೆ ತಳ್ಳತ್ತೆ. 2018ರಲ್ಲಿ ಯುಎಸ್ ಓಪನ್ ಫೈನಲ್ ಆದ್ಮೇಲೆ ಮೆಲ್ಬರ್ನ್‌ನ ಹೆರಾಲ್ಡ್ ಸನ್‌ನಲ್ಲಿ ಬಂದ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಚಿತ್ರ ಜನಾಂಗೀಯವಾದದ್ದು ಅಂತ ಜಗತ್ತೆಲ್ಲ ಜಗಳ ಆಯ್ತಲ್ಲ, ಅಲ್ಲಿನ ಪ್ರೆಸ್ ಕೌನ್ಸಿಲ್ ಮುಂದಿನ ವರ್ಷ ನಿಯಮ ಮುರಿದಿಲ್ಲ ಅಂತ ಹೇಳ್ತು, ಆದ್ರೂ ಸಿಟ್ಟು ಯಾಕೆ ಅಷ್ಟು ಬಂತು ಅಂತ ಅರ್ಥ ಆಗಬೇಕಾದ್ರೆ 1910ರ ಚಿತ್ರಗಳನ್ನ ಪಕ್ಕಕ್ಕಿಟ್ಟು ನೋಡಬೇಕು. ಸುಟ್ಟುಹಾಕಿದ್ರೆ ಆ ಪಕ್ಕ ಖಾಲಿ ಇರತ್ತೆ.

ಪ್ರಶ್ನೆ: ಮನೇಲಿ ಹಿರಿಯರು ಕತ್ತರಿಸಿಟ್ಟ ಇಂಥ ಪೇಪರ್ ತುಂಡುಗಳಿವೆ. ಲ್ಯಾಮಿನೇಟ್ ಮಾಡಿಸ್ಲಾ?

ಉತ್ತರ: ದಯವಿಟ್ಟು ಬೇಡ, ಲ್ಯಾಮಿನೇಷನ್ ಆಮೇಲೆ ತೆಗೆಯೋಕಾಗಲ್ಲ, ಸೆಲ್ಲೋಟೇಪೂ ಬೇಡ, ಅದರ ಅಂಟು ಕಂದು ಕಲೆ ಬಿಡತ್ತೆ. ನ್ಯೂಸ್‌ಪ್ರಿಂಟ್ ಮರದ ತಿರುಳಿಂದ ಮಾಡಿದ್ದು, ಬೆಳಕು ತಾಗಿದ್ರೆ ಹಳದಿಯಾಗಿ ಪುಡಿಯಾಗತ್ತೆ, ಆಮ್ಲ ಇಲ್ಲದ ಕಾಗದದ ಮಧ್ಯೆ ಮಡಚದೇ ಕತ್ತಲೇಲಿ ಒಣಗಿದ ಜಾಗದಲ್ಲಿಡಿ. ಮೊದಲು ಸ್ಕ್ಯಾನ್ ಮಾಡಿ, ಎರಡೂ ಬದಿ, ಹಿಂದಿನ ಜಾಹೀರಾತೋ ಸುದ್ದಿಯೋ ಎಷ್ಟೋ ಸಲ ತಾರೀಖು ಪತ್ತೆ ಮಾಡಿಕೊಡತ್ತೆ. ಶೀರ್ಷಿಕೆ ಸಾಲು ಕತ್ತರಿಸಿ ಬಿಸಾಡಬೇಡಿ. ಯಾವ ಪೇಪರ್, ಯಾವ ವರ್ಷ, ಆ ವಾರ ಯಾವ ಮ್ಯಾಚ್ ಅಥವಾ ಕಛೇರಿ ನಡೆದಿತ್ತು ಅಂತ ಗೊತ್ತಿರೋ ಹಿರಿಯರು ಮನೇಲಿದ್ರೆ ಇವತ್ತೇ ಕೂರಿಸಿಕೊಂಡು ಕೇಳಿ, ಬೇರೆ ಹಾಳೇಲಿ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ.