ಮಸಾಲೆ ಸುರಿದರೂ ಮೀನಿನ ವಾಸನೆ ಹೋಗದಿದ್ದರೆ

ಪ್ರಶ್ನೆ: ಮನೆಯಲ್ಲಿ ಇಬ್ಬರಿಗೆ ಮೀನಿನ ವಾಸನೆಯೇ ಆಗದು. ಎಷ್ಟು ತೊಳೆದು ಮಸಾಲೆ ಹಚ್ಚಿದರೂ ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಮಸಾಲೆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಮೊದಲು ಹೊಟ್ಟೆಯೊಳಗೆ ನೋಡಿ. ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪುಗೆಂಪು ರಕ್ತ, ಪಕ್ಕದ ಕಪ್ಪು ಪೊರೆ ಇದ್ದರೆ ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಚರ್ಮದಡಿಯ ಕಂದು ಮಾಂಸದ ಪಟ್ಟಿಯನ್ನೂ ಕತ್ತರಿಸಿಬಿಡಿ, ಅದರ ಕೊಬ್ಬು ಬೇಗ ಕಮಟಾಗುತ್ತದೆ.

ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳಿಂದ ಟ್ರೈಮೀಥೈಲಮೀನ್ ಎಂಬ ರಾಸಾಯನಿಕ ಹುಟ್ಟುತ್ತದೆ. ನಿಮ್ಮನ್ನು ಕಾಡುವ ವಾಸನೆ ಅದರದ್ದು. ಹುಳಿ ತಾಗಿದರೆ ಅದು ಗಾಳಿಗೆ ಏಳುವುದಿಲ್ಲ. ಅರ್ಧ ಕಿಲೋ ತುಂಡುಗಳಿಗೆ 1 ದೊಡ್ಡ ಚಮಚ ನಿಂಬೆರಸ, ಅರ್ಧ ಚಿಕ್ಕ ಚಮಚ ಉಪ್ಪು ಸವರಿ 10 ನಿಮಿಷ ಇಡಿ. ಅರ್ಧ ಗಂಟೆ ಬಿಟ್ಟಿರೋ, ಮಾಂಸ ಬೆಳ್ಳಗಾಗಿ ಬಾಣಲೆಯಲ್ಲಿ ಪುಡಿಪುಡಿಯಾಗುತ್ತದೆ. ಆಮೇಲೆ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ. ಪಸೆಯಿದ್ದರೆ ಮೀನು ಗರಿಯಾಗದೆ ಬೇಯುತ್ತದೆ, ಮನೆಯೆಲ್ಲ ವಾಸನೆ.

ಹುಳಿ ಬೇಡವೆಂದರೆ ತಣ್ಣನೆಯ ಹಾಲಿನಲ್ಲಿ 20 ನಿಮಿಷ ನೆನೆಸಿ, ಹಾಲು ಚೆಲ್ಲಿ. ಕೆರೆಮೀನಿನ ಮಣ್ಣುವಾಸನೆ ಬೇರೆ, ನೀರಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದು. ಅದಕ್ಕೂ ಹುಳಿಯೇ ಮದ್ದು.

ಅಮೋನಿಯದಂಥ ಘಾಟು ಬಂದರೆ ಮಾತ್ರ ಯಾವ ಉಪಾಯವೂ ಬೇಡ, ಎಸೆಯಿರಿ.