ಗಾಜನ್ನು ಉಜ್ಜಬೇಡಿ, ಚಾನೆಲ್ ಅಳೆಯಿರಿ

ಮಳೆಗಾಲ ಮುಗಿದು ಶೆಡ್ಡಿನ ಬಾಗಿಲು ತೆರೆದ ಕೂಡಲೇ ಹಳೆಯ ಸ್ಪೋರ್ಟ್ಸ್ ಕಾರುಗಳ ಕಿಟಕಿ ಗಾಜಿನ ಬಗ್ಗೆ ಅವೇ ಪ್ರಶ್ನೆಗಳು ಬರತೊಡಗುತ್ತವೆ. ಬಿಡಿಬಿಡಿಯಾಗಿ ಉತ್ತರಿಸಿ ಬೇಸತ್ತು ಈ ಬಾರಿ ಒಟ್ಟಿಗೇ ಬರೆಯುತ್ತಿದ್ದೇನೆ. ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ) ಬಿಚ್ಚುವುದು, ಹ್ಯಾಂಡಲ್ ತೆಗೆಯುವುದು ತಿಳಿದಿರುವವರಿಗಷ್ಟೇ ಇದು.

ಪ್ರಶ್ನೆ: ನಮ್ಮ ಎಂಜಿಬಿ ರೋಡ್‌ಸ್ಟರ್‌ನ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) ಬಾಗಿಲಿಗೆ ಬಣ್ಣ ಹೊಡೆಸಿ ಗಾಜನ್ನು ಮತ್ತೆ ಕೂರಿಸಿದೆವು. ಈಗ ಅರ್ಧ ಏರಿ ಕಚ್ಚಿಕೊಳ್ಳುತ್ತದೆ, ಮುಂಭಾಗ ಕೆಳಗೆ ವಾಲುತ್ತದೆ. ಗಾಜಿನ ಅಂಚನ್ನು ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಉಜ್ಜಿಸಲೇ? (ಪೊಲಿಬೆಟ್ಟ)

ಉಜ್ಜಿಸಬೇಡಿ. ಆ ಮಾತು ಹೇಳಿದವರ ಕೈಗೆ ಇನ್ನು ಬಾಗಿಲನ್ನೂ ಕೊಡಬೇಡಿ. ಬಾಗಿಲಿನ ಗಾಜು ಟಫನ್ಡ್ ಗಾಜು. ಆಕಾರಕ್ಕೆ ಕತ್ತರಿಸಿ, ಅಂಚು ನಯಗೊಳಿಸಿದ ನಂತರವೇ ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಗಾಳಿಯ ರಭಸಕ್ಕೆ ಒಡ್ಡಿ ಒಮ್ಮೆಗೇ ತಣಿಸುತ್ತಾರೆ. ಮೇಲ್ಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಉಳಿದುಬಿಡುತ್ತದೆ. ಅದರ ಬಲವೂ ಅಲ್ಲಿದೆ, ಅಪಾಯವೂ ಅಲ್ಲಿದೆ. ಅಂಚಿಗೆ ಗ್ರೈಂಡರ್ ಮುಟ್ಟಿಸಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಉದುರದೆ ಉಳಿದರೂ ಮುಂದೊಂದು ದಿನ ಸಂಪಾಜೆ ಘಾಟಿಯ ತಿರುವಿನಲ್ಲಿ ಬಾಗಿಲು ಬಡಿದಾಗ ಉದುರಬಹುದು. 1980ರಲ್ಲಿ ತಯಾರಿಕೆ ನಿಂತ ಕಾರಿಗೆ ಇನ್ನೊಂದು ಗಾಜು ಹುಡುಕುವ ಕಷ್ಟ ನಿಮಗೆ ಬೇಡ.

ದೋಷ ಎಲ್ಲಿದೆ ಎಂದು ಮೊದಲು ತಿಳಿಯಿರಿ. ಗಾಜನ್ನು ಏರಿಳಿಸುವ ಗ್ಲಾಸ್ ಮೆಷಿನ್‌ನ ತೋಳನ್ನು ಗಾಜಿನ ಕೆಳಗಿನ ಪಟ್ಟಿಯಿಂದ ಬಿಡಿಸಿ, ಎರಡೂ ಅಂಗೈಗಳಲ್ಲಿ ಗಾಜನ್ನು ಹಿಡಿದು ಮೇಲೆ ಕೆಳಗೆ ಆಡಿಸಿ. ಸಲೀಸಾಗಿ ಓಡಾಡಿದರೆ ಮೆಷಿನ್ ಕೆಟ್ಟಿದೆ. ಕೈಯಲ್ಲೂ ಕಚ್ಚಿಕೊಂಡರೆ ಚಾನೆಲ್‌ನಲ್ಲಿ, ಅಂದರೆ ಗಾಜಿನ ಅಂಚು ಜಾರುವ ಕಾಲುವೆಯಂಥ ಪಟ್ಟಿಯಲ್ಲಿ, ತಪ್ಪಿದೆ. ನನಗೆ ಬರುವ ಕಾರುಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಆದರೂ ಜನ ಮೊದಲು ಹಣ ಕೊಟ್ಟು ತರಿಸುವುದು ಹೊಸ ಮೆಷಿನ್ ಅನ್ನೇ!

ನಿಮ್ಮ ಕಾರಿನಲ್ಲಿ ಮುಂದಿನ ಮೂಲೆ ಗಾಜಿನ (ಪುಟ್ಟ ತ್ರಿಕೋನ ಗಾಜು) ಚೌಕಟ್ಟಿನ ಕಾಲು ಬಾಗಿಲಿನೊಳಗೆ ಇಳಿದು ಅದೇ ಮುಂದಿನ ಚಾನೆಲ್ ಆಗುತ್ತದೆ. ಹಿಂದಿನ ಚಾನೆಲ್ ಬಾಗಿಲಿನೊಳಗೆ ಬೇರೆಯಾಗಿ ನಿಂತಿದೆ. ಇವೆರಡರ ನಡುವಿನ ಅಂತರ ಮೇಲೂ ಕೆಳಗೂ ಒಂದೇ ಇರಬೇಕು. ಮೇಲೆ ಕಿರಿದಾದರೆ ಏರುವಾಗ, ಕೆಳಗೆ ಕಿರಿದಾದರೆ ಇಳಿಯುವಾಗ, ಓರೆಯಾದ ಮೇಜಿನ ಡ್ರಾಯರಿನ ಹಾಗೆ ಕಚ್ಚಿಕೊಳ್ಳುತ್ತದೆ. ಟೇಪು ಹಿಡಿದು ಅಳೆಯಿರಿ. ಅಳತೆ ಒಂದೇ ಬಂದರೂ ಒಂದು ಚಾನೆಲ್ ಒಳಕ್ಕೆ, ಇನ್ನೊಂದು ಹೊರಕ್ಕೆ ತಿರುಚಿಕೊಂಡಿರಬಹುದು. ಅದನ್ನು ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ತಿಳಿಯುತ್ತದೆ.

ಬಣ್ಣ ಹೊಡೆಸಿದ ಮೇಲೆ ಇದು ಶುರುವಾಯಿತು ಎನ್ನುತ್ತೀರಿ. ಹಾಗಾದರೆ ಎರಡು ಅನುಮಾನಗಳಿವೆ. ಬಿಚ್ಚುವಾಗ ಅಂತರ ಹೊಂದಿಸಲೆಂದು ಚೌಕಟ್ಟಿನ ಕೆಳಗಿದ್ದ ವಾಷರ್‌ಗಳನ್ನೂ ತೆಳು ತಗಡುಗಳನ್ನೂ ಯಾರೋ ಕಸವೆಂದು ಎಸೆದಿದ್ದಾರೆ. ಇಲ್ಲವೇ ಮೀಟರ್ ಲೆಕ್ಕದಲ್ಲಿ ಸಿಗುವ ದಪ್ಪ ಫೆಲ್ಟನ್ನು (ಗಾಜು ಜಾರುವ ಮೆತ್ತನೆಯ ಒಳಪಟ್ಟಿ) ಚಾನೆಲ್‌ಗೆ ತುರುಕಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಫೆಲ್ಟ್ ಬೇಕಾದಷ್ಟು ಸಿಗುತ್ತದೆ. ಆದರೆ ಅದೇ ದಪ್ಪದ ಬೇರೆ ಗಾಜಿನ ತುಣುಕೊಂದನ್ನು ಜೊತೆಗೆ ಒಯ್ದು, ಅದರೊಳಗೆ ಜಾರಿಸಿ ನೋಡದೆ ಕೊಳ್ಳಬೇಡಿ.

ಮುಂಭಾಗ ವಾಲುವುದಕ್ಕೆ ಕಾರಣ ಬೇರೆ. ಗಾಜಿನ ಕೆಳಗಿನ ಲೋಹದ ಪಟ್ಟಿಯನ್ನು ಕಳಚಿ ಮತ್ತೆ ಹಾಕುವಾಗ ಅದು ಹಿಂದಕ್ಕೋ ಮುಂದಕ್ಕೋ ಸರಿದಿದೆ. ತೋಳು ತಪ್ಪು ಜಾಗದಲ್ಲಿ ಎತ್ತುವುದರಿಂದ ಗಾಜು ಓರೆಯಾಗುತ್ತದೆ. ಇನ್ನೊಂದು ಬಾಗಿಲಿನ ಗಾಜು ಸರಿಯಿದ್ದರೆ ಅದರ ಅಳತೆ ತೆಗೆದುಕೊಂಡು ಪಟ್ಟಿಯನ್ನು ಅದೇ ಜಾಗಕ್ಕೆ ತನ್ನಿ. ಪಟ್ಟಿಯೊಳಗಿನ ರಬ್ಬರಿಗೆ ಸೋಪಿನ ನೀರು ಸವರಿ, ಮರದ ತುಂಡು ಅಡ್ಡವಿಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಕೊಳೆಯುತ್ತದೆ.

ಇನ್ನು ಕೂರಿಸುವ ಕ್ರಮ. ಗಾಜು ಮುಟ್ಟುವ ಮೊದಲು ಬಾಗಿಲೇ ದೇಹಕ್ಕೆ ಸಮನಾಗಿ ಕೂತಿರಬೇಕು. ಹಿಂಜು ಜೋತಿರುವ ಬಾಗಿಲಿಗೆ ಗಾಜು ಹೊಂದಿಸುವುದು ವ್ಯರ್ಥ ಶ್ರಮ. ಮೊದಲು ಗಾಜನ್ನು ಬಾಗಿಲಿನ ಹೊಟ್ಟೆಗೆ ಇಳಿಸಿ, ಅಡಿಯಲ್ಲಿ ಬಟ್ಟೆಯಿಟ್ಟು ನಿಲ್ಲಿಸಿ. ಆಮೇಲೆ ಮೂಲೆ ಗಾಜಿನ ಚೌಕಟ್ಟು, ಆಮೇಲೆ ಮೆಷಿನ್. ಎಲ್ಲ ಬೋಲ್ಟುಗಳನ್ನೂ ಬೆರಳಲ್ಲಿ ತಿರುಗುವಷ್ಟೇ ಬಿಗಿಯಾಗಿಡಿ. ಗಾಜನ್ನು ಪೂರ್ತಿ ಏರಿಸಿ, ಹುಡ್ (ಮಡಚುವ ಬಟ್ಟೆಯ ಛಾವಣಿ) ಹಾಕಿ, ಬಾಗಿಲು ಮುಚ್ಚಿ, ಗಾಜಿನ ಅಂಚು ರಬ್ಬರಿಗೆ ಒಂದೇ ಸಮನಾಗಿ ಒರಗುತ್ತದೆಯೇ ನೋಡಿ. ಒಂದು ಬೋಲ್ಟನ್ನು ತುಸು ಬಿಗಿ ಮಾಡಿದಾಗಲೆಲ್ಲ ಗಾಜನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ. ಯಾವ ಬೋಲ್ಟಿಗೆ ಗಾಜು ಹಿಡಿಯುತ್ತದೆಯೋ ಅಲ್ಲೇ ತಗಡು ಬೇಕು. ಮೊದಲೇ ಎಲ್ಲವನ್ನೂ ಬಿಗಿದು ಹ್ಯಾಂಡಲ್ ತಿರುಗಿಸುವವರು ಮೆಷಿನ್‌ನ ಹಲ್ಲು ಮುರಿಯುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ.

ಒಂದು ಬೋಲ್ಟ್ ಕಳೆದಿದ್ದರೆ ಡಬ್ಬಿಯಲ್ಲಿ ಸಿಕ್ಕಿದ 6 ಮಿ.ಮೀ. ಬೋಲ್ಟ್ ತಿರುಗಿಸಬೇಡಿ. ಈ ಕಾರಿನದು ಅಂಗುಲದ ಲೆಕ್ಕ. ಕಾಲು ಅಂಗುಲವೆಂದರೆ 6.35 ಮಿ.ಮೀ., ಬೋಲ್ಟಿನ ಸುರುಳಿಯೆಳೆಗಳ (ಥ್ರೆಡ್) ಅಂತರವೂ ಬೇರೆ.

ಪ್ರಶ್ನೆ: ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಾಗಿಲಿನೊಳಗೆ ನೀರು ಹೋಗುತ್ತದೆ. ಗಾಜಿನ ಬುಡಕ್ಕೆ ಸಿಲಿಕೋನ್ ಬಳಿಯಬಹುದೇ? (ಮಡಿಕೇರಿ)

ನೀರು ಬಾಗಿಲಿನೊಳಗೆ ಹೋಗಿಯೇ ಹೋಗುತ್ತದೆ. ಗಾಜಿನ ಬುಡದ ಹೊರಗಿನ ಬೀಡಿಂಗ್ (ರಬ್ಬರ್ ಪಟ್ಟಿ) ಅದನ್ನು ಕಡಿಮೆ ಮಾಡುತ್ತದೆ, ತಡೆಯುವುದಿಲ್ಲ. ಹೋದ ನೀರು ಹೊರಬರಲೆಂದೇ ಬಾಗಿಲಿನ ತಳದಲ್ಲಿ ರಂಧ್ರಗಳಿವೆ. ಎಲೆ, ಮಣ್ಣು, ಹಳೆಯ ಫೆಲ್ಟಿನ ಚೂರು ತುಂಬಿದ್ದರೆ ತಂತಿಯಿಂದ ಬಿಡಿಸಿ. ಬಣ್ಣ ಹೊಡೆಯುವವರು ಅವುಗಳನ್ನು ಪುಟ್ಟಿಯಿಂದ ಮುಚ್ಚಿಬಿಡುವುದುಂಟು, ಅದನ್ನೂ ನೋಡಿ. ಡೋರ್ ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು, ಅದರ ಕೆಳಅಂಚು ಬಾಗಿಲಿನ ಒಳಕ್ಕೆ ಇಳಿದಿರಬೇಕು. ಹಾಳೆ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಪ್ಯಾಡ್ ಉಬ್ಬಿ ಬೂಸ್ಟು ಹಿಡಿಯುತ್ತದೆ. ಹಾಳೆ ಅಂಟಿಸಲು ಬ್ಯುಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ) ಬಳಸಿ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ತಗಡಿಗೆ ತುಕ್ಕು ತರುತ್ತದೆ.

ಈ ಕೆಲಸವನ್ನು ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲು ಮಾಡಿ. ಒದ್ದೆ ಬಾಗಿಲನ್ನು ಮುಚ್ಚಿಟ್ಟರೆ ಒಳಗಿನಿಂದ ಕೊಳೆಯುತ್ತದೆ.

ಪ್ರಶ್ನೆ: ಫೆಲ್ಟಿಗೆ ತೆಂಗಿನೆಣ್ಣೆ ಒಳ್ಳೆಯದೋ, ಗ್ರೀಸೋ? (ಗೋಣಿಕೊಪ್ಪ)

ಎರಡೂ ಅಲ್ಲ. ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್ ಇರುವುದು ಮೆಷಿನ್‌ನ ಹಲ್ಲುಗಳಿಗೆ.

ಪ್ರಶ್ನೆ: ಒಡೆದ ಗಾಜಿನ ಬದಲು ಮನೆಯ ಕಿಟಕಿಯ ಗಾಜನ್ನೇ ಅಳತೆಗೆ ಕತ್ತರಿಸಿ ಹಾಕಿಕೊಡುತ್ತೇವೆ ಎನ್ನುತ್ತಾರೆ. (ಸುಂಟಿಕೊಪ್ಪ)

ಅದು ಒಡೆದರೆ ಚೂರಿಗಳಾಗಿ ಒಡೆಯುತ್ತದೆ, ನಿಮ್ಮ ಕುತ್ತಿಗೆಯ ಪಕ್ಕದಲ್ಲೇ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವೂ ಸುರಕ್ಷತಾ ಗಾಜನ್ನೇ ಕೇಳುತ್ತದೆ. ಹಾಕಿಕೊಡುತ್ತೇವೆ ಎನ್ನುವವರಿಗೆ ಇದು ತಿಳಿದಿದೆ, ಆದರೂ ಮಾಡುತ್ತಾರೆ. ಸರಿಯಾದ ಗಾಜು ಬರುವವರೆಗೆ ಕಾರು ಶೆಡ್ಡಿನಲ್ಲಿರಲಿ.

ಪ್ರಶ್ನೆ: ಪವರ್ ವಿಂಡೋ ಹಾಕಿಸಬಹುದೇ? (ವಿರಾಜಪೇಟೆ)

ಬೇಡ.