ಹಳೆಯ ಎಕ್ಸ್‌ಟಿ ಮತ್ತು 286 ಕ್ಲೋನುಗಳಿಗೆ ಯಾವ ಯೂನಿಕ್ಸ್ ಹೊಂದುತ್ತದೆ?

640 ಕೆಬಿ ಮೆಮೊರಿ, 20 ಎಂಬಿ ಹಾರ್ಡ್ ಡಿಸ್ಕ್ ಇರುವ 8088 ಪ್ರೊಸೆಸರಿನ ಎಕ್ಸ್‌ಟಿ ಕ್ಲೋನ್ (ಐಬಿಎಂ ಪಿಸಿ ಎಕ್ಸ್‌ಟಿಯ ನಕಲು ಯಂತ್ರ) ಒಂದು, 286 ಪ್ರೊಸೆಸರಿನ ಯಂತ್ರ ಒಂದು ನಿಮ್ಮ ಕೈಗೆ ಬಂದಿವೆ, ಎರಡಕ್ಕೂ ಅವುಗಳ ಕಾಲದ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮನ್ನೇ ಹಾಕಬೇಕೆಂದು ಬರೆದಿದ್ದೀರಿ. ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಇಂಥ ಯಂತ್ರಗಳ ರಿಪೇರಿ ಕೆಲಸದಲ್ಲಿದ್ದವನಾಗಿ ಹೇಳುವುದಾದರೆ, ಯೂನಿಕ್ಸಿನ ಹೆಸರಿಗಿಂತ ಮೊದಲು ಪ್ರೊಸೆಸರನ್ನೂ ಹಾರ್ಡ್ ಡಿಸ್ಕನ್ನು ನಡೆಸುವ ಕಾರ್ಡನ್ನೂ, ಅಂದರೆ ಡಿಸ್ಕ್ ಕಂಟ್ರೋಲರನ್ನೂ ನೋಡಿ.

8088ರಲ್ಲಿ ಒಂದು ಪ್ರೋಗ್ರಾಮನ್ನು ಇನ್ನೊಂದರಿಂದ ಕಾಪಾಡುವ ವ್ಯವಸ್ಥೆಯೇ ಇಲ್ಲ. ಮೆಮೊರಿಯ ಯಾವ ಭಾಗವನ್ನು ಮುಟ್ಟಬೇಕೆಂದು ಹೇಳುವ ಸೆಗ್ಮೆಂಟ್ ರಿಜಿಸ್ಟರನ್ನು ಯಾವುದೇ ಪ್ರೋಗ್ರಾಂ ಬದಲಿಸಿದರೂ, ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟುಗಳನ್ನು ನಿಲ್ಲಿಸಿದರೂ ಯೂನಿಕ್ಸಿನ ತಿರುಳಾದ ಕರ್ನೆಲ್ ಅದನ್ನು ತಡೆಯಲಾರದು. 1984ರಲ್ಲಿ ಐಬಿಎಂ ಮಾರಿದ ಪಿಸಿ/ಐಎಕ್ಸ್ ಎಂಬ ಯೂನಿಕ್ಸ್ ಕೂಡ ಈ ಮಿತಿಯೊಳಗೇ ಓಡುತ್ತಿತ್ತು. ಆದ್ದರಿಂದ ಎಕ್ಸ್‌ಟಿಗೆ ನಾನು ಹೇಳುವುದು ಮಿನಿಕ್ಸ್. ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟನೆನ್‌ಬಾಮ್ ಪಾಠಕ್ಕೆಂದು ಬರೆದು 1987ರಲ್ಲಿ ಹೊರತಂದ ಇದು ಯೂನಿಕ್ಸಿನ ಏಳನೆಯ ಆವೃತ್ತಿಯ ಸಿಸ್ಟಂ ಕಾಲ್‌ಗಳನ್ನೇ (ಪ್ರೋಗ್ರಾಮುಗಳು ಕರ್ನೆಲ್ಲಿಂದ ಕೇಳುವ ಸೇವೆಗಳನ್ನೇ) ಅನುಸರಿಸುತ್ತದೆ, ಆದರೆ ಯೂನಿಕ್ಸನ್ನು ರೂಪಿಸಿದ ಎಟಿ ಅಂಡ್ ಟಿಯ ಕೋಡ್ ಇದರಲ್ಲಿಲ್ಲ. ಸುಮಾರು 12,000 ಸಾಲುಗಳ ಮೂಲ ಕೋಡನ್ನು ಓದಿ ತಿದ್ದಬಹುದು, 2000ದಿಂದ ಲೈಸೆನ್ಸಿನ ತೊಡಕೂ ಇಲ್ಲ.

286ರ ಕಥೆ ಬೇರೆ. ಪ್ರೋಗ್ರಾಮುಗಳನ್ನು ಒಂದರಿಂದೊಂದು ಕಾಪಾಡುವ ಅದರ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಝೆನಿಕ್ಸ್ 286 (ಮೈಕ್ರೋಸಾಫ್ಟ್ ಹೊರತಂದ ಯೂನಿಕ್ಸ್) ನಿಜವಾದ ಬಹುಬಳಕೆದಾರ ವ್ಯವಸ್ಥೆಯಾಗುತ್ತದೆ, ಸೀರಿಯಲ್ ಪೋರ್ಟಿಗೆ ಟರ್ಮಿನಲ್ ಸಿಕ್ಕಿಸಿದರೆ ಇಬ್ಬರು ಒಟ್ಟಿಗೆ ಕೆಲಸ ಮಾಡಬಹುದು. ಆದರೆ ಕ್ಲೋನುಗಳು ಕೈಕೊಡುವುದೂ ಇಲ್ಲಿಯೇ: ಡಾಸ್ ಆಪರೇಟಿಂಗ್ ಸಿಸ್ಟಂ ಡಿಸ್ಕನ್ನು ಯಂತ್ರದ ರಾಮ್ ಚಿಪ್ಪಿನಲ್ಲಿರುವ ಬಯಾಸ್ ಪ್ರೋಗ್ರಾಮಿನ ಮೂಲಕ ಮುಟ್ಟುವುದರಿಂದ ಕಂಟ್ರೋಲರ್ ಹೇಗಿದ್ದರೂ ನಡೆದುಹೋಗುತ್ತದೆ, ಆ ಬಯಾಸ್ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಕೆಲಸಕ್ಕೆ ಬಾರದ ಕಾರಣ ಯೂನಿಕ್ಸ್ ಕರ್ನೆಲ್ ಮಾತ್ರ ಕಂಟ್ರೋಲರಿನೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕ್ಲೋನಿನಲ್ಲಿ ಡಾಸ್ ಸಲೀಸಾಗಿ ಓಡುತ್ತಿತ್ತು, ಝೆನಿಕ್ಸಿನ ಫ್ಲಾಪಿ ಮಾತ್ರ ಹಾರ್ಡ್ ಡಿಸ್ಕ್ ಹುಡುಕುವಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಎರಡು ದಿನ ಫ್ಲಾಪಿಗಳನ್ನೇ ಶಂಕಿಸಿ, ಕೊನೆಗೆ ವೆಸ್ಟರ್ನ್ ಡಿಜಿಟಲ್ 1003 ಎಂಬ ಕಂಟ್ರೋಲರಿಗೆ ಹೊಂದುವ ಕಾರ್ಡ್ ಹಾಕಿದ ಮೇಲೆ ಅದೇ ಫ್ಲಾಪಿಯಿಂದ ಇನ್‌ಸ್ಟಾಲ್ ಆಯಿತು.

ಝೆನಿಕ್ಸಿನ ಲೈಸೆನ್ಸ್ ಈಗಲೂ ಮುಕ್ತವಲ್ಲ. ಅದು ಬೇಡವಾದರೆ ಯೂನಿಕ್ಸಿನಂತೆಯೇ ನಡೆಯುವ, ಮಾರ್ಕ್ ವಿಲಿಯಮ್ಸ್ ಕಂಪನಿಯ ಕೊಹೆರೆಂಟ್ 3 ಹಾಕಿ; ಅದರ ಮೂಲ ಕೋಡ್ 2015ರಲ್ಲಿ ಬಿಡುಗಡೆಯಾಗಿದೆ. ಒಂದು ಪ್ರೋಗ್ರಾಮಿಗೆ ಕೋಡಿಗೆ 64 ಕೆಬಿ, ದತ್ತಾಂಶಕ್ಕೆ 64 ಕೆಬಿ ಮಾತ್ರ ಎಂಬ ಇಕ್ಕಟ್ಟನ್ನು ಅದರಲ್ಲಿ ಸಹಿಸಿಕೊಳ್ಳಬೇಕು. ಮುಂದೆಂದಾದರೂ 4 ಎಂಬಿ ಇರುವ 386 ಬೋರ್ಡ್ ಸಿಕ್ಕರೆ ಇದೆಲ್ಲ ಬಿಟ್ಟು ತೊಂಬತ್ತರ ದಶಕದ ಆರಂಭದ ಲಿನಕ್ಸ್ ಹಾಕಿ.

ಯಾವುದನ್ನೇ ಹಾಕುವಿರಾದರೂ ಮೊದಲು ಡ್ರೈವಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಕೆಟ್ಟ ಟ್ರ್ಯಾಕುಗಳ ಸಿಲಿಂಡರ್ ಮತ್ತು ಹೆಡ್ ಸಂಖ್ಯೆಗಳಿದ್ದರೆ ಬರೆದಿಟ್ಟುಕೊಳ್ಳಿ. ಝೆನಿಕ್ಸ್ ಇನ್‌ಸ್ಟಾಲ್ ಮಾಡುವಾಗ ಅವನ್ನು ಟೈಪ್ ಮಾಡಬೇಕಾಗುತ್ತದೆ, ಆಗ ಡ್ರೈವ್ ಪೆಟ್ಟಿಗೆಯೊಳಗಿದ್ದು ಚೀಟಿ ಕಾಣುವುದಿಲ್ಲ.